ಕಪ್ಪು ಬಾನೆಟ್ ಮೇಲಿನ ಮಬ್ಬು

ಹೋದ ವಾರ ನಮ್ಮ ಬೀದಿಯ ಮೇಷ್ಟ್ರ ಕಪ್ಪು ಕಾರಿನ ಬಾನೆಟ್ ಪಾಲಿಶ್ ಮಾಡಿದ್ದೆ. ರಾತ್ರಿ ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಕನ್ನಡಿ ಹಾಗೇ ಇತ್ತು. ಬೆಳಿಗ್ಗೆ ಏಳೂವರೆಗೆ ಅಂಗಳಕ್ಕೆ ತಂದು ನಿಲ್ಲಿಸಿದೆ, ಓರೆ ಬಿಸಿಲು ಬಿತ್ತು. ಜೇಡರಬಲೆಯಂಥ ಹಳೇ ಗೀರುಗಳು ಒಂದೂ ಉಳಿದಿರಲಿಲ್ಲ. ಆದರೆ ಸೂರ್ಯನ ಬಿಂಬದ ಸುತ್ತ ಬೂದು ಬಣ್ಣದ ತೆಳು ಪೊರೆ. ಮೇಷ್ಟ್ರು ಬಗ್ಗಿ ನೋಡಿ, "ಯಾರೋ ಉಸಿರು ಊದಿದ ಹಾಗಿದೆಯಲ್ಲಪ್ಪ" ಅಂದರು. ಸರಿಯಾಗೇ ಹೇಳಿದರು. "ಸಂಜೆ ತನಕ ಗಾಡಿ ಇಲ್ಲೇ ಇರಲಿ ಸರ್" ಅಂದೆ.

ಆ ಮಬ್ಬು ಕೊಳೆಯಲ್ಲ, ಅದೂ ಗೀರೇ. ಒಂದೊಂದಾಗಿ ಕಣ್ಣಿಗೆ ಸಿಗದಷ್ಟು ಸಣ್ಣ ಗೀರುಗಳು ಸಾವಿರಗಟ್ಟಲೆ ಸೇರಿ ಬೆಳಕನ್ನು ಚದುರಿಸುತ್ತವೆ. ಪ್ಯಾಡನ್ನು ಬರೀ ಸುತ್ತಿಸುವ ರೋಟರಿ ಮಷಿನ್ನಾದರೆ ಕಮಾನಿನಂತೆ ಓಡುವ ಹೊಳಪು ಗೆರೆಗಳನ್ನು, ಅಂದರೆ ಹೊಲೊಗ್ರಾಂ ಬಿಡುತ್ತದೆ. ನಾನು ಹಿಡಿದಿದ್ದು ಡಿಎ (ಡ್ಯುಯಲ್ ಆಕ್ಷನ್) ಮಷಿನ್, ಪ್ಯಾಡನ್ನು ತಿರುಗಿಸುತ್ತಲೇ ಅದುರಿಸುವಂಥದ್ದು. ಅದು ಬಿಡುವುದು ಹೀಗೆ ಒಂದೇ ಸಮನಾದ ಮಂಜು. ಪೇಂಟ್ ಮೆತ್ತಗಿದ್ದರಂತೂ ಖಂಡಿತ.

ಮೊದಲು ಪ್ಯಾಡ್ ಬಿಚ್ಚಿ ಬೆರಳಾಡಿಸಿದೆ. ಫೋಮಿನ ರಂಧ್ರಗಳಲ್ಲಿ ಪಾಲಿಶ್ ಒಣಗಿ, ಕಿತ್ತು ಬಂದ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಪುಡಿಯ ಜೊತೆ ಗಟ್ಟಿಯಾಗಿತ್ತು. ಬೆರಳಿಗೆ ರವೆಯ ಹಾಗೆ ತಾಗಿತು. ಇಡೀ ಬಾನೆಟ್ಟನ್ನು ಇದೊಂದೇ ಪ್ಯಾಡಿನಲ್ಲಿ ಮುಗಿಸಿದ್ದೆ, ನಡುವೆ ಒಮ್ಮೆಯೂ ಗಾಳಿ ಹೊಡೆದು ಪ್ಯಾಡ್ ಶುಚಿ ಮಾಡಿರಲಿಲ್ಲ. ದುಬಾರಿ ಪಾಲಿಶ್ ತಂದರೂ ಪ್ಯಾಡ್ ಹೀಗಿದ್ದರೆ ಏನೂ ಆಗದು.

ಬಾನೆಟ್ ಪೂರ್ತಿ ತಣ್ಣಗಾದ ಮೇಲೆ ಒಂದು ಮೂಲೆಯಲ್ಲಿ ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಾಕಿದೆ. ಅದೇ ಮಧ್ಯಮ ಪ್ಯಾಡ್ ತೊಳೆದು, ಫಿನಿಶಿಂಗ್ ಪಾಲಿಶ್ ಹಾಕಿ ನೋಡಿದೆ. ಮಬ್ಬು ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ ಹೊಸ ಮೆತ್ತನೆ ಪ್ಯಾಡ್, ಕಡಲೆಕಾಳಿನಷ್ಟು ನಾಲ್ಕು ಹನಿ ಪಾಲಿಶ್, ಸ್ಪೀಡ್ ಆರರಲ್ಲಿ ಮೂರು. ಕೈಯಿಂದ ಒತ್ತಲೇ ಇಲ್ಲ, ಮಷಿನ್ನಿನ ಭಾರವೇ ಸಾಕು. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಆ ಗೆರೆ ತಿರುಗುವುದು ನಿಂತರೆ ಪ್ಯಾಡ್ ತಿರುಗುತ್ತಿಲ್ಲ, ಬರೀ ಅದುರುತ್ತಿದೆ ಅಂತ ಅರ್ಥ.

ಟಾರ್ಚ್ ಹಾಕಿದರೆ ಮಬ್ಬಿಲ್ಲ. ಖುಷಿಯಾಯಿತು. ಆದರೂ ಪಾಲಿಶ್ಶಿನ ಎಣ್ಣೆ ಗೀರನ್ನು ಮುಚ್ಚಿರಬಹುದು ಅಂತ ಐಪಿಎ (ಎಣ್ಣೆ ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್) ಬೆರೆಸಿದ ನೀರು ಹಾಕಿ ಒರೆಸಿದೆ. ಮತ್ತೆ ಗೀರು! ಈ ಸಲ ನೇರ ಗೆರೆಗಳು, ನಾನು ಒರೆಸಿದ ದಿಕ್ಕಿನಲ್ಲೇ. ಅಂದರೆ ತಪ್ಪು ಬಟ್ಟೆಯದು. ಅರ್ಧ ಗಂಟೆ ಕೂತು ಯೋಚಿಸಿದ್ದು ಇದೊಂದಕ್ಕೇ. ಆ ಚೌಕಕ್ಕೆ ಮೆತ್ತನೆ ಪ್ಯಾಡ್ ಇನ್ನೊಮ್ಮೆ ಓಡಿಸಿ, ದಪ್ಪ ನೂಲಿನ ಹೊಸ ಮೈಕ್ರೋಫೈಬರ್ ಬಟ್ಟೆ ತೆಗೆದು, ಧಾರಾಳವಾಗಿ ಸ್ಪ್ರೇ ಹೊಡೆದು, ಬಟ್ಟೆಯನ್ನು ಸುಮ್ಮನೆ ಮೇಲೆ ಹಾಸಿ ಎಳೆದೆ. ಸ್ವಚ್ಛವಾಗಿ ಬಂತು.

ಗೀರು ಕಂಡಲ್ಲೆಲ್ಲ ಮತ್ತೆ ಕಾಂಪೌಂಡ್ (ಹೆಚ್ಚು ಸವೆಸುವ ಒರಟು ಪಾಲಿಶ್) ಹಾಕಿ ತಿಕ್ಕುವವರಿದ್ದಾರೆ. ಕ್ಲಿಯರ್ ಕೋಟ್ ಇರುವುದೇ ಸುಮಾರು 40-50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಅದನ್ನು ಉಳಿಸಿಕೊಡುವುದು ನನ್ನ ಕೆಲಸ ಅಂತಲೇ ನಾನು ನಂಬಿದ್ದೇನೆ.

ಉಳಿದ ಬಾನೆಟ್ಟಿಗೆ ಮೂರು ಪ್ಯಾಡ್ ಬೇಕಾಯಿತು. ಒಂದೊಂದು ಚೌಕ ಮುಗಿದಾಗಲೂ ಕಂಪ್ರೆಸರ್ ಗಾಳಿ ಹೊಡೆದೆ. ಐದು ಗಂಟೆಗೆ ಮೇಷ್ಟ್ರು ಬಂದಾಗ ಕಾರು ಮಾವಿನ ಮರದ ಪಕ್ಕ ಬಿಸಿಲಲ್ಲಿತ್ತು. ಬಾನೆಟ್ಟಿನಲ್ಲಿ ಎಲೆಗಳ ನರ ಕೂಡ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.