ಲೇಔಟಿನ ತಗ್ಗು ಮೂಲೆ

ಲೇಔಟ್ ಮಾಡುವವರು ನನ್ನ ಹತ್ತಿರ ಬರುವ ಹೊತ್ತಿಗೆ ಸಾಮಾನ್ಯವಾಗಿ ನಕ್ಷೆ ತಯಾರಾಗಿರುತ್ತದೆ. ಜಮೀನು ಕನ್ವರ್ಶನ್ ಆಗಿರುತ್ತದೆ, ರಸ್ತೆಗೆ ಗೆರೆ ಎಳೆದಿರುತ್ತಾರೆ, ಮೂಲೆ ಸೈಟು ಯಾರಿಗೆ ಅನ್ನುವ ಮಾತೂ ಮುಗಿದಿರುತ್ತದೆ. ಒಳಚರಂಡಿ ಮಾತ್ರ ಬಾಕಿ. ‘ಯುಜಿಡಿಗೆ ಒಂದು ಅಪ್ರೂವಲ್ ಮಾಡಿಸ್ಕೊಡಿ ಸಾರ್, ಅದೊಂದು ಆದ್ರೆ ಮುಗೀತು’ ಅನ್ನುತ್ತಾರೆ. ನನ್ನ ಪ್ರಕಾರ ಸೈಟು ವಿಂಗಡಿಸುವ ಮೊದಲೇ ಯೋಚಿಸಬೇಕಾದ ವಿಷಯ ಅದು. ಹೊಲಸು ನೀರು ತಗ್ಗಿಗೇ ಬರುತ್ತದೆ. ಆ ತಗ್ಗಿನಲ್ಲಿ ಅದಕ್ಕೆ ಜಾಗ ಬಿಟ್ಟಿರಬೇಕು.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಹೊರಗೆ ಬಂದ ಕೆಲಸವೂ ಹೀಗೇ ಇತ್ತು. ಅಣ್ಣತಮ್ಮಂದಿರ ಜಂಟಿ ಜಮೀನು, ಆರೂವರೆ ಎಕರೆ. 30–40ರ 120 ಸೈಟು. ಹಿಂದೆ ಬೇರೆಯವರು ಬರೆದ ನಕ್ಷೆಯಲ್ಲಿ ಪಾರ್ಕು ಮೇಲ್ಗಡೆ ರಸ್ತೆ ಪಕ್ಕ ಇತ್ತು. ಹಳ್ಳದ ಕಡೆಯ ತಗ್ಗಿನಲ್ಲಿ ಸಾಲಾಗಿ ಪೂರ್ವ ದಿಕ್ಕಿನ ಸೈಟುಗಳು. ಆ ಹಳ್ಳ ಹೋಗಿ ಸೇರುವುದು ಊರ ಕೆರೆಗೆ.

ಬೆಂಗಳೂರಿನ ಹೊರಗೆ ಫೈಲು ಓಡಾಡುವ ದಾರಿ ಹೀಗೆ: ನಕ್ಷೆ ಯೋಜನಾ ಪ್ರಾಧಿಕಾರಕ್ಕೆ. ನೀರು ಮತ್ತು ಒಳಚರಂಡಿಯ ಡ್ರಾಯಿಂಗು, ಎಸ್ಟಿಮೇಟು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ. ಊರಿನ ಲೈನಿಗೆ ಸೇರಿಸುವುದಾದರೆ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ನಾವೇ ಎಸ್‌ಟಿಪಿ (ಹೊಲಸು ನೀರು ಶುದ್ಧ ಮಾಡುವ ಘಟಕ) ಕಟ್ಟುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. 1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅದು ಕಟ್ಟುವುದಕ್ಕೆ ಮುಂಚೆಯೇ ಕೈಗೆ ಬಂದಿರಬೇಕು. ಕಟ್ಟಿದ ಮೇಲೆ ನಡೆಸುವುದಕ್ಕೆ ಇನ್ನೊಂದು.

ಮಾಲೀಕರ ಆಸೆ ಊರಿನ ಲೈನಿಗೆ ಸೇರಿಸುವುದು. ಖರ್ಚು ಕಮ್ಮಿ, ಜಾಗವೂ ಉಳಿಯುತ್ತದೆ. ಆ ಪ್ರಸ್ತಾವದ ಮೇಲೆ ಜಾಗ ನೋಡಲು ಇಂಜಿನಿಯರ್ ಮೇಡಂ ಒಬ್ಬರು ಬಂದರು. ಫೈಲು ಬಿಡಿಸಲೇ ಇಲ್ಲ. ‘ಸೇರಿಸೋ ಮ್ಯಾನ್‌ಹೋಲ್ ಎಲ್ಲಿದೆ, ತೆಗೆಸಿ’ ಅಂದರು.

ರಸ್ತೆ ತಿರುವಿನಲ್ಲಿತ್ತು. ಮುಚ್ಚಳದ ಸುತ್ತ ಟಾರು ಅಂಟಿಕೊಂಡಿತ್ತು. ಹಾರೆ ಹಾಕಿ ಮೀಟಿ ಪಕ್ಕಕ್ಕೆ ಸರಿಸಿ, ಗಾಳಿ ಆಡಲು ಬಿಟ್ಟೆವು. ಆಮೇಲೆ ಮೇಲಿನಿಂದಲೇ ಲೆವೆಲ್ ಸ್ಟಾಫ್ (ಮಟ್ಟ ಅಳೆಯುವ ಕೋಲು) ಇಳಿಸಿದೆವು. ಯಾರನ್ನೂ ಒಳಗೆ ಇಳಿಸುವ ಮಾತೇ ಇಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಇರಲಿ ಬಿಡಲಿ, ಅದು ಮಾಡಬಾರದ ಕೆಲಸ.

ಮುಚ್ಚಳದ ಮಟ್ಟವನ್ನು 100 ಮೀಟರ್ ಅಂತ ಹಿಡಿದರೆ ಅದರ ತಳ 98.6. ನಮ್ಮ ತಗ್ಗು ಮೂಲೆಯ ನೆಲವೇ 97.9. ಅಲ್ಲಿ ಪೈಪು ಕನಿಷ್ಠ ಒಂದು ಮೀಟರ್ ಆಳದಲ್ಲಿ ಹೋಗಬೇಕು. ಹರಿವಿನ ವೇಗ ಸೆಕೆಂಡಿಗೆ 0.6 ಮೀಟರ್ ಆದರೂ ಇರಬೇಕು, ಇಲ್ಲದಿದ್ದರೆ ಮರಳು, ಹೊಲಸು ಎಲ್ಲ ಪೈಪಿನಲ್ಲೇ ಕೂತುಬಿಡುತ್ತದೆ. ಅದಕ್ಕೆ 200ಕ್ಕೆ 1ರ ಇಳಿಜಾರು ಇಟ್ಟುಕೊಂಡಿದ್ದೆ. ಆ ಮೂಲೆಯಿಂದ ಮ್ಯಾನ್‌ಹೋಲಿಗೆ ಇರುವ 300 ಮೀಟರ್ ದೂರಕ್ಕೆ ಒಂದೂವರೆ ಮೀಟರ್ ಇಳಿತ. ಅಂದರೆ ನಮ್ಮ ಪೈಪು ಮ್ಯಾನ್‌ಹೋಲ್ ಮುಟ್ಟುವಾಗ ಅದರ ತಳಕ್ಕಿಂತ 3.2 ಮೀಟರ್ ಕೆಳಗಿರುತ್ತದೆ. ಪಂಪ್ ಇಲ್ಲದೆ ಒಂದು ಹನಿಯೂ ಹತ್ತುವುದಿಲ್ಲ.

ಪಂಪ್ ಇಡಬಹುದಿತ್ತು. ಆದರೆ ಸ್ಟಾಫ್ ಮೇಲೆತ್ತಿದಾಗ ಮ್ಯಾನ್‌ಹೋಲಿನ ಅರ್ಧ ಆಳಕ್ಕಿಂತ ಮೇಲೆ ಒದ್ದೆ ಗುರುತು ಇತ್ತು. ಮಳೆ ಬಂದು ಎಷ್ಟೋ ದಿನವಾಗಿತ್ತು, ಆದರೂ ಲೈನಿನಲ್ಲಿ ಹೊಲಸು ನಿಂತಿತ್ತು. ಎದುರು ಮನೆಯ ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ‘ಜೋರು ಮಳೆ ಬಂದ್ರೆ ನಮ್ಮ ಬಚ್ಚಲೊಳಗೇ ಉಕ್ಕುತ್ತೆ ಕಣಮ್ಮ. ಮರದ ತುಂಡಿಟ್ಟು, ಮೇಲೆ ಕಲ್ಲು ಹೇರ್ತೀವಿ’ ಅಂದರು. ಮೇಡಂ ನನ್ನ ಕಡೆ ತಿರುಗಿದರು. ‘ಇದಕ್ಕೆ ಇನ್ನೂ 120 ಮನೆ ಸೇರಿಸ್ತೀರಾ?’

ಸೇರಿಸಬಾರದು. ಅಷ್ಟು ದಿನದ ಓಡಾಟ ದಂಡವಾಯಿತಲ್ಲ ಅಂತ ಮಾಲೀಕರ ಮಗ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಆ ಮೇಡಂ ಮೇಲೆ ಗೌರವ ಬಂತು. ಆಫೀಸಿನಲ್ಲೇ ಕೂತು ಸಹಿ ಹಾಕಿದ್ದರೆ ಆ ಅಜ್ಜಿಯ ಬಚ್ಚಲು ಯಾವ ಫೈಲಿನಲ್ಲೂ ಕಾಣುತ್ತಿರಲಿಲ್ಲ, ಅಲ್ವಾ?

ಉಳಿದದ್ದು ಎಸ್‌ಟಿಪಿ. ಅದಕ್ಕೆ ಬೇಕಾದ್ದು ಅದೇ ತಗ್ಗು ಮೂಲೆ. ಅಂದರೆ ಪಾರ್ಕು ಕೆಳಗೆ ಬರಬೇಕು, ಸೈಟು ಮೇಲೆ ಹೋಗಬೇಕು, ನಕ್ಷೆ ಮತ್ತೆ ಪ್ರಾಧಿಕಾರಕ್ಕೆ ಹೋಗಬೇಕು. ಅಣ್ಣತಮ್ಮಂದಿರಲ್ಲಿ ಹಿರಿಯರಾದ ಗೌಡ್ರು ಒಪ್ಪಲಿಲ್ಲ. ‘ಆ ಮೂಲೆ ಸೈಟಿಗೇ ಜಾಸ್ತಿ ರೇಟು. ಮನೆಗೊಂದು ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಮಾಡಿದ್ರೆ ಆಯ್ತಪ್ಪ. ನಮ್ಮನೇಲಿ ಇರೋದೂ ಅದೇ’ ಅಂದರು.

ತೋಟದ ಮನೆಗೆ ಅದು ಸಾಕು. ಒಂದಕ್ಕೊಂದು ಅಂಟಿಕೊಂಡ 120 ಮನೆಗೆ ಸಾಲದು. ಕಾಗದದ ಲೆಕ್ಕ ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಹೊಲಸಾಗಿ ಆಚೆ ಬರುತ್ತದೆ. ಒಟ್ಟು ದಿನಕ್ಕೆ ಸುಮಾರು 65 ಸಾವಿರ ಲೀಟರ್. 30–40ರ ಸೈಟಿನಲ್ಲಿ ಜನ ಮೇಲೊಂದು ಬಾಡಿಗೆ ಮನೆ ಕಟ್ಟೇ ಕಟ್ಟುತ್ತಾರೆ, ಆಗ ಇನ್ನೂ ಜಾಸ್ತಿ. ಇಷ್ಟೂ ಆರೂವರೆ ಎಕರೆಯೊಳಗೆ ಇಂಗಿದರೆ ಪಕ್ಕದ ಬೋರ್‌ವೆಲ್ಲಿಗೆ ಬರುವುದೂ ಅದೇ ನೀರು.

ಬೋರಿನ ಮಾತಿಗೆ ಗೌಡ್ರು ಸ್ವಲ್ಪ ಯೋಚನೆಗೆ ಬಿದ್ದರು. ಲೇಔಟಿಗೆ ಅಂಟಿಕೊಂಡೇ ಅವರ ತೆಂಗಿನ ತೋಟ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅರ್ಜಿಯಲ್ಲಿ ಶುದ್ಧ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ ಅಂತ ಬರೆಯಬೇಕು. ಟಾಯ್ಲೆಟ್ ಫ್ಲಶ್ಶಿಗೆ ಬೇರೆ ಪೈಪು ಎಳೆದರೆ 27 ಸಾವಿರ ಲೀಟರ್ ಹೋಗುತ್ತದೆ, ಪಾರ್ಕಿಗೆ ಒಂದಿಷ್ಟು. ಮಿಕ್ಕಿದ್ದನ್ನು ಹಳ್ಳಕ್ಕೆ ಬಿಡುವುದು ನನಗೆ ಇಷ್ಟವಿರಲಿಲ್ಲ. ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ, ಮತ್ತೆ 2017ರಲ್ಲಿ ಬೆಂಕಿ ಎದ್ದಿದ್ದನ್ನು ನೋಡಿದವರು ಯಾರೂ ಇನ್ನೊಂದು ಕೆರೆಯ ಕಡೆ ಪೈಪು ತಿರುಗಿಸಬಾರದು. ಹಾಗಾಗಿ ಮಿಕ್ಕ ನೀರು ತೆಂಗಿಗೆ ಅಂತ ಹೇಳಿದೆ. ಗೌಡ್ರು ‘ವಾಸನೆ ಬರುತ್ತಾ?’ ಅಂತ ಒಂದೇ ಪ್ರಶ್ನೆ ಕೇಳಿದರು. ಸರಿಯಾಗಿ ನಡೆಸಿದರೆ ಬರಲ್ಲ ಅಂದೆ. ಮಾರನೇ ದಿನ ಮಗನ ಕೈಲಿ ನಕ್ಷೆ ಬದಲಾಯಿಸಲು ಹೇಳಿ ಕಳಿಸಿದರು.

ಇನ್ನೊಂದು ತೊಡಕು ಯಾರೂ ಕೇಳಿರಲಿಲ್ಲ, ನನ್ನನ್ನೇ ಕಾಡುತ್ತಿತ್ತು. ಎಸ್‌ಟಿಪಿಯಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಅವಕ್ಕೆ ಹೊಟ್ಟೆಗೆ ಬೇಕು. ಸೈಟು ಮಾರಿದ ಮೊದಲ ವರ್ಷ ಹತ್ತು ಮನೆ ಎದ್ದರೆ ಹೆಚ್ಚು. 65 ಸಾವಿರ ಲೀಟರಿನ ಯಂತ್ರಕ್ಕೆ ಐದಾರು ಸಾವಿರ ಲೀಟರ್ ಬಂದರೆ ಅವು ಉಪವಾಸ ಸಾಯುತ್ತವೆ. ಆಮೇಲೆ ಕರೆಂಟ್ ಬಿಲ್ಲು ಯಾಕೆ ಅಂತ ಯಾರೋ ಸ್ವಿಚ್ ಆಫ್ ಮಾಡುತ್ತಾರೆ. ಹೊಸ ಬಡಾವಣೆಗಳಲ್ಲಿ ತುಕ್ಕು ಹಿಡಿದು ನಿಂತ ಎಷ್ಟೋ ಎಸ್‌ಟಿಪಿಗಳ ಕತೆ ಇದೇ. ಅದಕ್ಕೇ ಒಂದೇ ದೊಡ್ಡದರ ಬದಲು ಮೂರು ಸಣ್ಣ ಭಾಗ ಮಾಡಿಸಿದೆ. ಮನೆ ಬಂದ ಹಾಗೆ ಒಂದೊಂದೇ ಶುರು ಮಾಡಬಹುದು.

ಸಮ್ಮತಿ ಪತ್ರ ಷರತ್ತುಗಳ ಸಮೇತ ಬಂದಿದೆ, ಪೈಪು ಹಾಕುವ ಕೆಲಸ ನಡೆಯುತ್ತಿದೆ. ಸೈಟೆಲ್ಲ ಮಾರಿ ಮಾಲೀಕರು ಕೈ ತೊಳೆದುಕೊಂಡ ಮೇಲೆ ಅದನ್ನು ನಡೆಸುವವರು ಯಾರು ಅನ್ನುವುದು ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಸೈಟಿಗೆ ಇಷ್ಟು ಅಂತ ಮೊದಲೇ ಹಣ ತೆಗೆದಿಟ್ಟು, ಅದರ ಬಡ್ಡಿಯಲ್ಲಿ ಆಪರೇಟರ್ ಸಂಬಳ ಕೊಡೋಣ ಅಂತ ಹೇಳಿದ್ದೇನೆ. ನಿರ್ವಹಣೆಯ ಪಾಲು ಕೊಡುವ ಮಾತನ್ನು ಪ್ರತಿಯೊಬ್ಬರ ಕ್ರಯಪತ್ರದಲ್ಲೂ ಸೇರಿಸಲು ವಕೀಲರು ಕರಡು ಬರೆಯುತ್ತಿದ್ದಾರೆ. ಗೌಡ್ರ ತಮ್ಮಂದಿರಲ್ಲಿ ಒಬ್ಬರು ಇನ್ನೂ ಒಪ್ಪಿಲ್ಲ, ಈ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.