ಹೆಸರು ಬಹಿರಂಗ, ಮಾತು ಗೋಪ್ಯ

ನಾಯಕತ್ವಕ್ಕೆ ಯಾರು ತಕ್ಕವರೆಂದು ಸಮುದಾಯವನ್ನೇ ಕೇಳಬೇಕೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಹೇಗೆ ಕೇಳಬೇಕೆಂಬಲ್ಲಿ ನಾವು ಎಡವುತ್ತೇವೆ. ಸ್ವಯಂಸೇವಕರ ಸಂಘಟನೆಯೊಂದರ ಆಯ್ಕೆ ಸಮಿತಿಯಲ್ಲಿ ನಾನಿದ್ದಾಗ ಬಂದ ಅಭಿಪ್ರಾಯಗಳಲ್ಲಿ ಹೆಚ್ಚಿನವು ‘ಒಳ್ಳೆಯವರು’, ‘ಎಲ್ಲರೊಡನೆ ಬೆರೆಯುತ್ತಾರೆ’ ಎಂಬಷ್ಟಕ್ಕೇ ನಿಂತಿದ್ದವು. ಬರೆದವರನ್ನು ದೂರುವಂತಿರಲಿಲ್ಲ, ಏಕೆಂದರೆ ‘ಇವರ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದಷ್ಟೇ ನಾವು ಕೇಳಿದ್ದೆವು.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಪ್ರಕಟಿಸಿದ ಲೇಖನವೊಂದು ಇಲ್ಲಿ ನೆನಪಾಗುತ್ತದೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳಿಗೆ ಪ್ರತ್ಯೇಕವಾಗಿ ಕೊಟ್ಟ ಅಂಕಗಳು ನಂಬಲಾಗದಷ್ಟು ಒಂದಕ್ಕೊಂದು ಹೊಂದಿಕೊಂಡಿದ್ದುದನ್ನು ಅವರು ಗುರುತಿಸಿದರು. ಒಂದು ಗುಣಕ್ಕೆ ಮನಸೋತವರು ಉಳಿದ ಗುಣಗಳನ್ನೂ ಅದೇ ಬೆಳಕಿನಲ್ಲಿ ಕಾಣುತ್ತಾರೆ. ಆದ್ದರಿಂದ ನಾವು ಪ್ರಶ್ನೆಯನ್ನು ಬದಲಿಸಿದೆವು: ಭಿನ್ನಾಭಿಪ್ರಾಯವನ್ನು ಇವರು ನಿಭಾಯಿಸಿದ ಯಾವ ಸಂದರ್ಭವನ್ನು ನೀವು ಕಣ್ಣಾರೆ ಕಂಡಿದ್ದೀರಿ? ಉತ್ತರಗಳು ಕಡಿಮೆಯಾದವು, ಆದರೆ ಬಂದವುಗಳಲ್ಲಿ ತೂಕವಿತ್ತು.

ಅಂತರ್ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ ಅನುಭವವೂ ಗಮನಾರ್ಹ. ಅದರ ನಾಯಕರನ್ನು ಆರಿಸುವ ಸಮಿತಿಯ 10 ಮಂದಿ ಮತಾಧಿಕಾರವುಳ್ಳ ಸದಸ್ಯರನ್ನು, ತಾವಾಗಿ ಮುಂದೆ ಬಂದ ಅರ್ಹರ ನಡುವಿನಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ದುಕೊಳ್ಳುತ್ತಾರೆ. ಹಿಂದೆ ಅಭ್ಯರ್ಥಿಗಳ ಹೆಸರು ಗುಟ್ಟಾಗಿರುತ್ತಿದ್ದುದರಿಂದ, ಸ್ಪರ್ಧೆಯಲ್ಲಿ ಇಲ್ಲದವರ ಹೆಸರುಗಳನ್ನೂ ಬೆರೆಸಿದ ಪಟ್ಟಿಯನ್ನು ಆಯ್ದ ಕೆಲವರಿಗೆ ಮಾತ್ರ ಕಳುಹಿಸುವ ಪದ್ಧತಿಯಿತ್ತು. 2009ರ ನಿಯಮವು ಒಪ್ಪಿಗೆ ಕೊಟ್ಟವರ ಹೆಸರುಗಳನ್ನು ಪ್ರಕಟಿಸಲು ಅವಕಾಶ ಮಾಡಿಕೊಟ್ಟಿತು. ಸಮಿತಿಗೆ ಬರುವ ಅಭಿಪ್ರಾಯಗಳು ಮಾತ್ರ ಗೋಪ್ಯವಾಗಿಯೇ ಉಳಿದವು. ಈ ವಿಂಗಡಣೆ ನನಗೆ ಬಹಳ ಸರಿಯೆನಿಸುತ್ತದೆ, ಏಕೆಂದರೆ ಹೆಸರು ತಿಳಿಯದಿದ್ದರೆ ಸಮಿತಿಯ ಪರಿಚಯದ ವಲಯಕ್ಕಷ್ಟೇ ಮಾತಾಡುವ ಅವಕಾಶ ಸಿಗುತ್ತದೆ, ಮಾತು ಬಹಿರಂಗವಾದರೆ ನಾಳೆ ಅದೇ ನಾಯಕರ ಕೆಳಗೆ ದುಡಿಯಬೇಕಾದವರು ಬಾಯಿ ಬಿಡುವುದಿಲ್ಲ.

ಗೋಪ್ಯವೆಂದರೆ ಅನಾಮಧೇಯವಲ್ಲ. ಬರೆದವರು ಯಾರೆಂದು ಸಮಿತಿಗಾದರೂ ಗೊತ್ತಿರಲೇಬೇಕು. ಇಲ್ಲವಾದರೆ ಮರಳಿ ಕೇಳುವ ದಾರಿಯೇ ಇರುವುದಿಲ್ಲ. ಒಬ್ಬ ಅಭ್ಯರ್ಥಿ ‘ಒರಟಾಗಿ ನಡೆದುಕೊಳ್ಳುತ್ತಾರೆ’ ಎಂದು ನಮಗೆ ಮೂರು ಪತ್ರಗಳು ಬಂದಿದ್ದವು. ಮೂವರನ್ನೂ ಪ್ರತ್ಯೇಕವಾಗಿ ವಿಚಾರಿಸಿದಾಗ ಎಲ್ಲರೂ ಒಂದೇ ಸಭೆಯ ಪ್ರಸಂಗವನ್ನು ಹೇಳುತ್ತಿದ್ದರೆಂದೂ, ಆ ಸಭೆಯಲ್ಲಿ ಇದ್ದವರು ಅವರಲ್ಲಿ ಒಬ್ಬರೇ ಎಂದೂ ತಿಳಿಯಿತು. ಮೂರು ಎಂದು ಎಣಿಸಿದ್ದನ್ನು ಒಂದಕ್ಕೆ ಇಳಿಸಿದೆವು; ಹಾಗೆಂದು ಆ ಒಂದನ್ನು ಕಡೆಗಣಿಸಲಿಲ್ಲ. ಹೇಳಿದವರ ಗುರುತು ಸಿಗದಂತೆ ಆಕ್ಷೇಪದ ತಿರುಳನ್ನು ಅಭ್ಯರ್ಥಿಗೆ ತಿಳಿಸಿ, ಅವರ ವಿವರಣೆಯನ್ನು ಪೂರ್ತಿಯಾಗಿ ಕೇಳಿದ ಮೇಲೆಯೇ ಚರ್ಚೆಗೆ ಕುಳಿತೆವು.