1977: ಕಾಂಗ್ರೆಸ್ ಏಕೆ ಸೋತಿತು?

1971ರ ಲೋಕಸಭಾ ಚುನಾವಣೆಯಲ್ಲಿ 352 ಸ್ಥಾನ ಗೆದ್ದಿದ್ದ ಕಾಂಗ್ರೆಸ್ 1977ರಲ್ಲಿ 154ಕ್ಕೆ ಕುಸಿದದ್ದಕ್ಕೆ 1975–77ರ ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿದ್ದೇ ಮುಖ್ಯ ಕಾರಣವೆಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಪತ್ರಿಕೆಯನ್ನೇ ಓದದ ಉತ್ತರ ಭಾರತದ ಹಳ್ಳಿಗನ ಮಟ್ಟಿಗೆ ತುರ್ತು ಪರಿಸ್ಥಿತಿಯೆಂದರೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಆಗಿತ್ತು. ಶಾಲಾ ಮಾಸ್ತರರಿಗೂ ಇಷ್ಟು ಜನರನ್ನು ಕರೆತರಬೇಕೆಂಬ ಗುರಿ ಕೊಟ್ಟು, ಅದು ತಪ್ಪಿದರೆ ಸಂಬಳ ತಡೆಹಿಡಿಯುತ್ತಿದ್ದರು. ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಕ್ಷೇತ್ರಗಳಲ್ಲಿ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ಸೋತರು.

ಅದೇ ಪಕ್ಷ ಕರ್ನಾಟಕದ 28ರಲ್ಲಿ 26 ಸ್ಥಾನ ಗೆದ್ದಿತೆಂಬುದನ್ನು ಮರೆಯಬಾರದು. ಆ ಬಲವಂತ ಇಲ್ಲಿ ಅಷ್ಟು ಉಗ್ರವಾಗಿರಲಿಲ್ಲ; ಮೇಲಾಗಿ, ದೇವರಾಜ ಅರಸರ ಭೂಸುಧಾರಣೆಯಿಂದ, ತಾನು ಉಳುತ್ತಿದ್ದ ಹೊಲ ತನ್ನದಾಗುವುದೆಂಬ ನಂಬಿಕೆ ಗೇಣಿದಾರನಲ್ಲಿ ಮೂಡಿತ್ತು.